ಹದಿನಾಲ್ಕನೆಯ ದಿನದ ಕಾಳು

ಹೂ ಬಿಟ್ಟ ದಿನ ತೆನೆಗೊಂದು ಕೆಂಪು ದಾರ ಕಟ್ಟಿದ್ದೆ.
ಇವತ್ತಿಗೆ ಹದಿನಾಲ್ಕು.
ತಿಸಾ ಹೊಳೆಯ ಆಚೆ ಇನ್ನೂ ಬೆಳಕು ಹರಿದಿಲ್ಲ.
ನೈಟ್ರೋಜನ್ ಕ್ಯಾನು ಕಾಲ ಬಳಿ ಬುಸುಗುಡುತ್ತಿದೆ.
ಹಾಲೂ ಅಲ್ಲದ, ಕಾಳೂ ಅಲ್ಲದ ಒಂದನ್ನು
ಚಿಮುಟದಲ್ಲಿ ಬಿಡಿಸಿ ಒಳಗೆ ಹಾಕುತ್ತೇನೆ.
ಟಿಕ್. ಅಷ್ಟೆ.
ಅದು ಆಡುತ್ತಿದ್ದ ಮಾತು ಬಾಯಲ್ಲೇ ಹೆಪ್ಪುಗಟ್ಟಿತು.
ಸಂಜೆ ಬೊರೋಕಾ ಅದನ್ನು ಓದುತ್ತಾಳೆ.

ಬೊರೋಕಾ ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು,
ನನ್ನ ಮೇಲಧಿಕಾರಿ.
ಕೇಳಿದ್ದೆ ಒಮ್ಮೆ, ಕಾಫಿಯ ಹೊತ್ತು:
ಹಿಟ್ಟಿಗೆ ಅಂಟು ಕೊಡುವ ಜೀನು ಇರುವುದು ಕಾಳಲ್ಲಿ ಮಾತ್ರವೇ?
“ಎಲೆಯಲ್ಲೂ ಇದೆ, ವಿಲ್ಮಾ ನೇನಿ, ಬೇರಲ್ಲೂ,
ನೀವು ತುಳಿದುಕೊಂಡು ಬಂದ ಹಸಿ ದಂಟಿನಲ್ಲೂ.
ಇದೆ. ಬಾಯಿ ಬಿಡುವುದಿಲ್ಲ.”
ಎಲೆಯಲ್ಲಿ ಅದರ ಮೇಲೆ ಪುಟ್ಟ ಪುಟ್ಟ ಮುದ್ರೆಗಳಂತೆ,
ಲಕೋಟೆಗೆ ಒತ್ತಿದ ಅರಗಿನ ಹಾಗೆ.
ಕಾಳು ಕಟ್ಟುವಲ್ಲಿ, ಅಲ್ಲಿ ಮಾತ್ರ, ಅರಗು ಬಿಡುತ್ತದೆ.
ಆಮೇಲೆ ಬರುತ್ತಾರೆ ಬಾಗಿಲು ತಟ್ಟುವವರು,
ಒಬ್ಬರಲ್ಲ, ನಾಲ್ಕಾರು ಮಂದಿ, ಕೈಗೆ ಕೈ ಕೋದು,
ಜೀನಿನ ಹೊಸ್ತಿಲಲ್ಲಿ ತಂತಮ್ಮ ಗುರುತು ತಡಕಿ ನಿಲ್ಲುತ್ತಾರೆ.
ಅವರಲ್ಲೊಬ್ಬರು ತಪ್ಪಿಸಿಕೊಂಡರೆ
ಯಾರದೋ ಒಲೆಯಲ್ಲಿ ಬ್ರೆಡ್ಡು ಒಂದು ಬೆರಳು ತಗ್ಗು.

ನನ್ನ ಅಜ್ಜಿ ಎತೆಲ್ಕಾಗೆ ಇದ್ಯಾವುದೂ ಬೇಕಿರಲಿಲ್ಲ.
ಗಾಡಿಯವನು ಮೂಟೆ ಬಿಚ್ಚಿದನೋ, ಹತ್ತು ಕಾಳು ಬಾಯಿಗೆ.
ದವಡೆ ಆಡಿಸುತ್ತಲೇ ಅವನ ನಾದಿನಿಯ ಮದುವೆಯ ವಿಚಾರಣೆ.
ಪಿಷ್ಟವೆಲ್ಲ ಗಂಟಲಿಗಿಳಿದು ಉಳಿದದ್ದನ್ನು
ಎರಡು ಬೆರಳಲ್ಲಿ ಎಳೆದು, ಬಿಸಿಲಿಗೆ ಹಿಡಿದು,
“ಇದು ಏಳುತ್ತೆ.”
ಇಲ್ಲವೇ, “ಕೋಳಿಗೆ ಹಾಕು.”

ಬೊರೋಕಾ ಜೆಲ್ಲಿನ ಮೇಲೆ ನೀಲಿ ಗೆರೆ ಎಣಿಸಿ
ಮೂರು ದಿನ ಬಿಟ್ಟು ಹೇಳುವುದೂ ಇದನ್ನೇ.
ಯಾಕೆ ಅಂತಲೂ ಹೇಳುತ್ತಾಳೆ, ಅದೊಂದು ಹೆಚ್ಚು.
ಈ ಗೆರೆ ದಪ್ಪ, ಯಾಕೆಂದರೆ ಜೀನು ಯಾವ ಕಾಲದಲ್ಲೋ ಇಮ್ಮಡಿಯಾಗಿ
ಎರಡು ಬಾಯಿ ಒಂದೇ ಮಾತಾಡುತ್ತಿದೆ.
ಇಲ್ಲಿ, ಈ ಖಾಲಿ ಜಾಗದಲ್ಲಿ, ಇರಬೇಕಾದದ್ದು ಮೂಕ.
ಮೂರು ಹುಲ್ಲು ಕೂಡಿ ಕಟ್ಟಿದ ಸಂಸಾರ ಗೋಧಿಯದು.
ಒಂದು ಹುಲ್ಲು ತಂದ ಪೆಟ್ಟಿಗೆಯಲ್ಲಿ ಈ ಜೀನೂ ಇತ್ತು,
ನಡುವೆ ಎಲ್ಲೋ ಒಂದಕ್ಷರ ತಪ್ಪಿ
ವಾಕ್ಯ ಅರ್ಧಕ್ಕೇ ನಿಂತಿದೆ.
ಅಳಿಸಿಲ್ಲ. ಬಿತ್ತಿದಾಗಲೆಲ್ಲ ಆ ಅರ್ಧವನ್ನೂ ಬಿತ್ತುತ್ತೇವೆ.

ಕೊನೆಕೊನೆಗೆ ಅಜ್ಜಿ ಗೊಣಗುತ್ತಿದ್ದಳು:
ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಹಿಟ್ಟು ಮೊಂಡಾಯಿತು,
ಎಳೆದರೆ ಬರುವುದಿಲ್ಲ, ಹರಿಯುತ್ತೆ.
ನಾವು ನಕ್ಕೆವು. ಹೊಗೆ ನಿಂತಿತೆಂದು
ಊರಿಗೆ ಊರೇ ಕಿಟಕಿ ತೆರೆದಿತ್ತು ಆ ಚಳಿಗಾಲ.
ಮೊನ್ನೆ ಬೊರೋಕಾ ನಕ್ಷೆ ಬಿಡಿಸಿ ತೋರಿಸಿದಳು:
ಹೊಗೆಯೊಂದಿಗೆ ಮಳೆಯಲ್ಲಿದ್ದ ಗಂಧಕವೂ ಹೋಗುತ್ತದೆ.
ಗಂಧಕ ಸಾಲದ ಕಾಳು ಲೆಕ್ಕ ಬದಲಿಸುತ್ತದೆ,
ಅದಿಲ್ಲದೆ ನಡೆಯುವ ಪ್ರೋಟೀನನ್ನೇ ಹೆಚ್ಚು ಕಟ್ಟುತ್ತದೆ.
ಅಜ್ಜಿ, ನೀನೇ ಸರಿ, ಎನ್ನಲು ಸ್ಮಶಾನಕ್ಕೆ ಹೋದೆ.
ಎನ್ನಲಿಲ್ಲ. ಕಳೆ ಕಿತ್ತು ಬಂದೆ.

ಒಂದು ಮಾತು ಮಾತ್ರ ನನಗೆ ಯಾರೂ ಹೇಳಿರಲಿಲ್ಲ,
ಐವತ್ತು ವರ್ಷ ಬ್ರೆಡ್ಡು ತಿಂದವಳಿಗೆ.
ಪರಾಗ ಇಳಿದಾಗ ಹೂವಿನಲ್ಲಿ ಹುಟ್ಟುವುದು ಎರಡು:
ಒಂದು ಭ್ರೂಣ. ಇನ್ನೊಂದು ಅದರ ಅವಳಿ.
ಅವಳಿಗೆ ಬೇರಿಲ್ಲ, ಎಲೆಯಿಲ್ಲ, ಬರುವ ವರ್ಷ ಇಲ್ಲ.
ಒಡಹುಟ್ಟಿಗೆಂದು ತುಂಬಿಕೊಂಡು, ತುಂಬಿಕೊಂಡು,
ಕಾಳು ಒಣಗುವ ಹೊತ್ತಿಗೆ ಹೆಚ್ಚುಕಡಿಮೆ ಸತ್ತಿರುತ್ತದೆ.
ಅರಗು ಒಡೆಯುವುದು ಅದರೊಳಗೆ.
ನಾದುವುದು ಅದನ್ನು.
ಬೆಣ್ಣೆ ಸವರುವುದು ಅದಕ್ಕೆ.

ಬೆಳಕು ಬಂತು. ಮೂರನೇ ತೆನೆ, ಎಂಟನೇ ಕಾಳು.
ಚಿಮುಟ ಕ್ಯಾನಿನ ಮೇಲೆ ಒಂದು ಗಳಿಗೆ ನಿಂತಿತು,
ಆಮೇಲೆ ನನ್ನ ಬಾಯಿಗೆ.
ಸಿಹಿ. ಹಸಿರು ವಾಸನೆ. ನೀರು ನೀರು.
ದವಡೆ ಆಡಿಸಿದೆ, ಅಜ್ಜಿಯಷ್ಟೇ ಹೊತ್ತು.
ಕೊನೆಗೆ ಹಲ್ಲಿನ ಸಂದಿಯಲ್ಲಿ ಏನೋ ಒಂದು ಎಳೆ,
ಇತ್ತೋ, ನನ್ನ ಭ್ರಮೆಯೋ.

ದಾಖಲೆ ಪುಸ್ತಕದಲ್ಲಿ ಬರೆದೆ:
ಹದಿನಾಲ್ಕನೆಯ ದಿನ. ಒಂದು ಕಾಳು ಕಮ್ಮಿ.
ಕಾರಣ: ಗುಬ್ಬಿ.